ಮಾವನ ಕೊನೆಯ ಪ್ಯಾದೆ

ಚದುರಂಗ ಕಲಿಯುವುದಕ್ಕೆ ನನಗೆ ಬಿದ್ದ ಬೆಲೆ ಒಂದು ಬೆಳ್ಳಿಯ ಉಡದಾರ. ಮದುವೆಯಲ್ಲಿ ಮಾವ ಕೊಟ್ಟಿದ್ದು, ಒಳ್ಳೇ ತೂಕದ್ದು. ಅದನ್ನು ಸೊಂಟದಿಂದ ಬಿಚ್ಚಿ ಕಲಬುರ್ಗಿಯ ರೋಜಾ ಓಣಿಯ ಒಬ್ಬ ಮುದುಕನ ಕೈಯಲ್ಲಿಟ್ಟೆ. ಕೊಟ್ಟ ಕಾರಣವನ್ನೂ ಮೊದಲೇ ಹೇಳಿಬಿಡುತ್ತೇನೆ. ಕಮಲಾಪುರದಲ್ಲಿದ್ದ ನನ್ನ ಮಗಳನ್ನು ಕಲಬುರ್ಗಿಗೆ ಕರೆತರಬೇಕಾಗಿತ್ತು. ಆಕೆಯನ್ನು ಸಾಕುತ್ತಿದ್ದ ಮಾವ, ಚದುರಂಗದಲ್ಲಿ ತಮ್ಮನ್ನು ಒಮ್ಮೆ ಸೋಲಿಸುವ ತನಕ ಆ ಮಾತು ತೆಗೆಯಕೂಡದು ಎಂದಿದ್ದರು. ಬೆಲೆ ದುಬಾರಿ ಎಂದು ಆಗ ಅನ್ನಿಸಿತ್ತು. ಉಡದಾರ ಬರೀ ಸಂಚಕಾರ, ಪೂರ್ತಿ ಬೆಲೆ ಕೊಡುವುದು ಇನ್ನೂ ಮುಂದಿದೆ ಎಂದು ಆಗ ಗೊತ್ತಿರಲಿಲ್ಲ.

ನನ್ನದು ಬಾಳೆಹಣ್ಣಿನ ವ್ಯಾಪಾರ. ಕಮಲಾಪುರದ ತೋಟಗಳಲ್ಲಿ ಕೆಂಪು ಬಾಳೆಯನ್ನು ಗಿಡದ ಮೇಲಿರುವಾಗಲೇ ಮಾತಾಡಿಕೊಂಡು, ಗೊನೆ ಬಲಿತ ಮೇಲೆ ಕಡಿಸಿ, ಬಂಡಿಯಲ್ಲಿ ಕಲಬುರ್ಗಿಗೆ ತಂದು, ರೋಜಾದ ದರ್ಗಾಕ್ಕೆ ಬರುವ ಜನರಿಗೆ ಮಾರುವುದು. ಶುರುವಿನಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ಕೂಗಿ ಮಾರಿದವನು ನಾನು. ಕೈಹಿಡಿದು ಎತ್ತಿದವರು ಯಾರೂ ಇಲ್ಲ. ಇದ್ದ ಬಂಡವಾಳವೆಂದರೆ ನಾಲಿಗೆ. ಕೊಡುವುದಿಲ್ಲವೆಂದು ಧೋತರ ಕೊಡವಿ ಎದ್ದು ಹೋದ ತೋಟದವನನ್ನು ಮತ್ತೆ ಕರೆಸಿ ಕೂಡಿಸಿ, ನಾನು ಹೇಳಿದ ಧಾರಣೆಗೇ ಒಪ್ಪಿಸಿ, ತಾನೇ ಗೆದ್ದೆನೆಂದು ಅವನು ನಗುತ್ತ ಹೋಗುವಂತೆ ಮಾಡುತ್ತಿದ್ದೆ. ಮಾವನ ತೋಟವನ್ನು ಕುದುರಿಸಿದ್ದೂ ಹಾಗೆಯೇ. ಆ ವ್ಯವಹಾರಕ್ಕೆ ಹೋಗಿ ಬರುವಾಗಲೇ ಅವರ ಒಬ್ಬಳೇ ಮಗಳ ಜೊತೆ ನನ್ನ ಮದುವೆಯೂ ನಿಶ್ಚಯವಾಯಿತು.

ಪ್ಲೇಗು ಬಂದ ವರ್ಷ ಕಲಬುರ್ಗಿಯ ಓಣಿಗಳು ಖಾಲಿಯಾದವು. ಇಲಿ ಬಿದ್ದ ಮನೆಗಳಿಗೆ ಬೀಗ ಹಾಕಿಕೊಂಡು ನಾವೆಲ್ಲ ಊರ ಹೊರಗೆ, ಜೋಳದ ಕಣಕಿಯ ಗುಡಿಸಲುಗಳಲ್ಲಿ ಇದ್ದೆವು. ನನ್ನ ಹೆಂಡತಿ ಅಲ್ಲೇ ಮಲಗಿದಳು. ಕಂಕುಳಲ್ಲಿ ಗಂಟು ಕಂಡ ದಿನವೇ ಕಮಲಾಪುರಕ್ಕೆ ಆಳು ಕಳಿಸಿದೆ. ದಾರಿಯ ನಡುವಿನ ಮಹಾಗಾಂವದ ನಾಕಾದಲ್ಲಿ ಅವನನ್ನು ತಡೆದರು. ಬೇನೆಯ ಊರಿನಿಂದ ಬಂದವನನ್ನು ಮುಂದೆ ಬಿಡಬಾರದೆಂದು ಸರ್ಕಾರದ ಹುಕುಂ ಇತ್ತು. ಸುದ್ದಿ ಬಾಯಿಂದ ಬಾಯಿಗೆ ದಾಟಿ ಮಾವನಿಗೆ ಮುಟ್ಟಿ, ಅವರು ಹೊಲದ ದಾರಿ ಹಿಡಿದು ಬಂದು ನಿಂತಾಗ ನಾವು ಮಣ್ಣು ಮಾಡಿ ಬಂದು ಕೈಕಾಲು ತೊಳೆಯುತ್ತಿದ್ದೆವು. ಅವರು ಅಳಲಿಲ್ಲ. ಅಂಬೆಗಾಲಿಡುವ ಕೂಸನ್ನು ಎತ್ತಿಕೊಂಡು, "ಇದನ್ನರ ಒಯ್ತೀನಿ" ಎಂದರು. ಒಯ್ಯಿರಿ ಎಂದೆ. ಬೇನೆ ಇಳಿಯುವ ತನಕ ಎಂಬುದು ನನ್ನ ಮನಸ್ಸಿನಲ್ಲಿತ್ತು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಒಂದು ಗೊನೆ ಹಣ್ಣಿಗೂ ಕರಾರು ಮಾಡಿಕೊಳ್ಳುವ ನಾನು, ಅವತ್ತು ಕರಾರಿಲ್ಲದೆ ಕೊಟ್ಟೆ.

ಬೇನೆ ಇಳಿಯಿತು. ಊರಿಗೆ ತಿರುಗಿ ಬಂದು ಅಂಗಡಿ ತೆರೆದೆ. ವ್ಯಾಪಾರ ಕೈಹತ್ತಿತು. ಮನೆಗೆ ಮಾಳಿಗೆ ಹಾಕಿಸಿದೆ, ವಿಧವೆಯಾಗಿದ್ದ ನನ್ನ ಅಕ್ಕನನ್ನು ಕರೆಸಿ ಇಟ್ಟುಕೊಂಡೆ, ತೊಲೆಗೆ ತೊಟ್ಟಿಲ ಕೊಂಡಿ ಹೊಡೆಸಿದೆ. ಕೂಸು ತೊಟ್ಟಿಲ ವಯಸ್ಸು ದಾಟಿತ್ತು ಎಂಬುದು ಕೊಂಡಿ ಹೊಡೆದ ಬಡಿಗನಿಗೂ ಗೊತ್ತಿತ್ತು. ಅವನು ಕೂಲಿ ಎಣಿಸಿಕೊಂಡು ಹೋದ.

ಮಗಳನ್ನು ಕೇಳಲು ಕಮಲಾಪುರಕ್ಕೆ ಹೋದಾಗ ಮಾವ ತೋಟದ ಬಾಯಲ್ಲಿ, ಮನೆಯೆದುರಿನ ಬೇವಿನ ಕೆಳಗಿನ ಹಾಸುಗಲ್ಲಿನ ಮೇಲೆ ಚದುರಂಗದ ಬಟ್ಟೆ ಹಾಸಿ ಒಬ್ಬರೇ ಕುಳಿತಿದ್ದರು. ಎರಡೂ ಕಡೆಯ ಕಾಯಿಗಳನ್ನು ತಾವೇ ನಡೆಸುತ್ತಿದ್ದರು. ನಾನು ನೆಲದ ಮೇಲೆ ಕುಳಿತು ಗಂಟಲು ಸರಿಮಾಡಿಕೊಂಡೆ.

"ಮಾವಾರ, ಒಂದು ಮಾತು ಕೇಳಬೇಕಂತ ಬಂದೀನಿ."

"ಗೊತ್ತದ. ಕೇಳಬ್ಯಾಡ್ರಿ," ಎಂದರು. ತಲೆ ಎತ್ತಲಿಲ್ಲ. "ನಿಮ್ಮ ನಾಲಗಿ ಮುಂದ ನಾ ನಿಲ್ಲಂಗಿಲ್ಲ ಅಳಿಯಂದ್ರ. ಬಾಳಿಗೊನಿ ಧಾರಣಿ ಹೇಳೂದ್ರಾಗೇ ನನಗ ತಲಿ ತಿರಗಸ್ತೀರಿ. ನೀವು ಮಾತಾಡಿದ್ರಂದ್ರ ನಾ ಹೂಂ ಅಂತೀನಿ, ನೀವು ಕೂಸಿನ್ನ ಬಂಡ್ಯಾಗ ಕೂಡಿಸ್ಕೊಂಡು ಹೋಗ್ತೀರಿ, ಸಂಜಿ ಆದಮ್ಯಾಗ ನನಗ ಎಚ್ಚರ ಆಗ್ತದ."

"ಹಂಗಾದ್ರ ಮಾತಾಡೂದ ಬ್ಯಾಡೇನ್ರಿ?"

ಅವರು ಬಾದಶಹನ ಕಾಯಿಯನ್ನು ಎತ್ತಿ ನನ್ನ ಮುಂದೆ ಇಟ್ಟರು. "ಇದರ ಮುಂದ ಯಾರ ನಾಲಗೀನೂ ನಡಿಯಂಗಿಲ್ಲ. ನನಗ ಒಮ್ಮೆ ಮಾತ್ ಮಾಡ್ರಿ. ಆಮ್ಯಾಗ ಕೂಸಿನ ಮಾತು ತೆಗೀರಿ. ನಾ ಇಲ್ಲ ಅನ್ನಂಗಿಲ್ಲ."

ಎದುರಾಳಿಯ ಬಾದಶಹನಿಗೆ ಓಡಲು ಮನೆಯೇ ಇಲ್ಲದಂತೆ ಕಟ್ಟಿಹಾಕಿದರೆ ಅದು ಮಾತ್. ನನಗೆ ಅಷ್ಟೂ ಗೊತ್ತಿರಲಿಲ್ಲ. ಒಳಗಿನಿಂದ ಅತ್ತೆ, "ಹಣ್ಣಿನ ವ್ಯಾಪಾರಿ ಕೂಡ ಆಟ ಏನ್ರಿ, ಹೊತ್ತು ಹೋಗಲ್ದೇನು?" ಎಂದರು. ಕುದುರೆ ಹೇಗೆ ಜಿಗಿಯುತ್ತದೆ, ಒಂಟೆ ಹೇಗೆ ಮೂಲೆ ಹಿಡಿದು ಓಡುತ್ತದೆ ಎಂದು ಮಾವ ತೋರಿಸಿದರು. ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಅದು ಕರಗುವುದರೊಳಗೆ ಸೋತೆ. "ಆಟ ಮುಗೀತು. ಗೊನಿ ಕಟ್ಟಸ್ಲೇನು?" ಎಂದು ಅವರು ಎದ್ದರು. ಮಗಳು ಬಾಗಿಲ ಸಂದಿಯಿಂದ ನನ್ನನ್ನು ನೋಡಿ, ಯಾರೋ ಬಂದಾರೆಂದು ಅಜ್ಜಿಗೆ ಹೇಳಲು ಒಳಗೆ ಓಡಿದಳು.

ರೋಜಾದಲ್ಲಿ ನನ್ನ ಅಂಗಡಿಯ ಎದುರಿಗೆ ಒಬ್ಬ ಚಾಚಾ ಇದ್ದ. ದರ್ಗಾದ ಉರುಸಿನ ಜಾತ್ರೆಗೆ ಬರುವ ಪರ ಊರಿನ ಜನರಿಗೆ ರಜಾಯಿ, ಹಂಡೆ ಬಾಡಿಗೆ ಕೊಡುವುದು ಅವನ ಕಸುಬು. ಉರುಸು ಮುಗಿದರೆ ವರ್ಷವೆಲ್ಲ ಮಡಿಸಿದ ರಜಾಯಿಗಳ ಮೇಲೆ ಕುಳಿತು ಶತರಂಜ್ ಆಡುವುದೇ ಕೆಲಸ. ಕಲಿಸು ಎಂದೆ.

"ಕಲಿಸ್ತೀನಿ ಸಾವ್ಕಾರ. ಏನ್ ಕೊಡ್ತಿ?"

"ವಾರಕ್ಕ ಒಂದು ಹಣಿಗಿ ಹಣ್ಣು."

"ನನಗ ಹಲ್ಲಿಲ್ಲ."

"ಹಲ್ಲಿಲ್ಲದವರ್ಗೇ ಬಾಳಿಹಣ್ಣು ಛಲೋ ಚಾಚಾ."

ಅವನು ನಗಲಿಲ್ಲ. ನನ್ನ ಸೊಂಟದ ಕಡೆ ಕೈ ತೋರಿಸಿದ. "ಅದನ್ನ ಕೊಡು. ಪುಕ್ಕಟ ಕಲಿಸಿದ್ರ ನಾಳಿಗೆ ಬಿಟ್ಟು ಹೋಗ್ತಿ. ಅದು ಹೋದ್ರ, ಮುಂಜಾನಿ ಧೋತ್ರ ಕಟ್ಟುವಾಗ ದಿನಾ ನೆನಪಾಗ್ತದ, ಕಲೀಲಾಕ ಬರ್ತಿ."

ವಾರಗಟ್ಟಲೆ ಚೌಕಾಸಿ ಮಾಡಿದೆ. ಬೆಳ್ಳಿಯ ಉಂಗುರ ಎಂದೆ, ಉರುಸಿನಲ್ಲಿ ಅಂಗಡಿಯ ಅರ್ಧ ಕಟ್ಟೆ ಬಿಟ್ಟುಕೊಡುತ್ತೇನೆ ಎಂದೆ. ಅವನು ರಜಾಯಿಯ ಮೇಲಿಂದ ಅಲುಗಲಿಲ್ಲ. ನನ್ನ ಜೀವಮಾನದಲ್ಲಿ ಕೇಳಿದ ಬೆಲೆಯನ್ನು ಕೇಳಿದ ಹಾಗೆಯೇ ಕೊಟ್ಟದ್ದು ಅದೊಂದೇ. ಚಾಚಾ ಹೇಳಿದ್ದು ಮಾತ್ರ ಖರೆ. ಧೋತರ ಕಟ್ಟುವಾಗ ಕೈ ಖಾಲಿ ಸೊಂಟಕ್ಕೆ ತಾಗಿ, ಕಾಲು ತಾನಾಗಿಯೇ ಅವನ ಅಂಗಡಿಗೆ ನಡೆಯುತ್ತಿತ್ತು.

ಅವನು ಕಲಿಸಿದ ರೀತಿ ಯಾರಿಗೂ ಸೇರುವಂಥದ್ದಲ್ಲ. ಎಲ್ಲ ಕಾಯಿ ಜೋಡಿಸಿ ಆಡಲು ಬಿಡಲೇ ಇಲ್ಲ. ಬಟ್ಟೆಯ ಮೇಲೆ ಎರಡು ಬಾದಶಹ, ನನಗೆ ಒಂದು ಆನೆ, ಅಷ್ಟೇ. "ಮೊದಲ ಮನಿ ಮುಟ್ಟೂದು ಕಲಿ. ದಾರಿ ಆಮ್ಯಾಗ ಹೇಳ್ತೀನಿ" ಎನ್ನುತ್ತಿದ್ದ. ಆ ಒಂಟಿ ಬಾದಶಹನನ್ನು ಅಂಚಿಗೆ ತಳ್ಳಿಕೊಂಡು ಹೋಗುವುದಕ್ಕೇ ನನಗೆ ಒಂದು ಬೇಸಿಗೆ ಬೇಕಾಯಿತು. ಆಮೇಲೆ ಒಂದೊಂದೇ ಕಾಯಿ ಕೂಡಿಸಿದ. ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಳ್ಳಬೇಕು, ಯೋಚನೆ ಮುಗಿದ ಮೇಲೆಯೇ ಹೊರಗೆ ತೆಗೆಯಬೇಕು. ನನ್ನ ಕೈ ತಡೆಯುತ್ತಿರಲಿಲ್ಲ. ತಿನ್ನಲು ಸಿಕ್ಕ ಕಾಯಿಯನ್ನೆಲ್ಲ ತಿಂದು ಮೊಣಕಾಲ ಹತ್ತಿರ ಸಾಲಾಗಿ ನಿಲ್ಲಿಸಿಕೊಳ್ಳುತ್ತಿದ್ದೆ, ಅಂಗಡಿಯಲ್ಲಿ ಬಾಳೆಯ ಚಿಪ್ಪು ಜೋಡಿಸಿದ ಹಾಗೆ.

"ಅರೇ ಸಾವ್ಕಾರ, ಇದೇನು ಸಂತಿ ಹಚ್ಚೀದಿ? ಅಲ್ಲಿ ಸತ್ತವರ್ನ ನೋಡಿ ಖುಷಿ ಪಡಬ್ಯಾಡ. ಇಲ್ಲಿ ಬದುಕಿದಂವ ಏನ್ ಮಾಡ್ಲಕತ್ತಾನ ಅದನ್ನ ನೋಡು."

ನೋಡುವ ಹೊತ್ತಿಗೆ ಅವನ ಕುದುರೆ ನನ್ನ ಬಾದಶಹನ ಬಾಗಿಲಲ್ಲಿ ನಿಂತಿರುತ್ತಿತ್ತು.

ಕಮಲಾಪುರಕ್ಕೆ ಗೊನೆ ತರಲು ಹೋದಾಗಲೆಲ್ಲ ಮಾವನ ಜೊತೆ ಒಂದು ಆಟ. ಸೋಲುವುದು, ಎದ್ದು ಬರುವುದು. ತಿರುಗಿ ಬರುವಾಗ ಬಂಡಿಯಲ್ಲಿ ಕುಳಿತು ಆಟವನ್ನು ಮೊದಲಿನಿಂದ ನೆನೆಸಿಕೊಳ್ಳುತ್ತಿದ್ದೆ. ಎಲ್ಲಿ ಕೆಟ್ಟಿತು? ಮಹಾಗಾಂವ ಮುಟ್ಟುವುದರೊಳಗೆ ಸಾಮಾನ್ಯವಾಗಿ ಸಿಕ್ಕುತ್ತಿತ್ತು. ಎತ್ತುಗಳಿಗೆ ಕೂಗಿ ಹೇಳುತ್ತಿದ್ದೆ: "ಆನಿ ಸರಸಬಾರ್ದಿತ್ತಲೇ!" ಎತ್ತುಗಳು ಕಿವಿ ಆಡಿಸುತ್ತಿದ್ದವು. ಆಟ ಉದ್ದವಾದಂತೆ ನಾನು ಆ ಬೇವಿನ ಕೆಳಗೆ ಕೂಡುವ ಹೊತ್ತೂ ಉದ್ದವಾಯಿತು, ಮಗಳನ್ನು ನೋಡುವ ಹೊತ್ತೂ ಉದ್ದವಾಯಿತು. ಇದನ್ನೂ ಲಾಭವೆಂದೇ ಹಿಡಿದೆ. ಆದರೆ ನಾನು ಒಂದು ನಡೆ ಕಲಿಯುವುದರೊಳಗೆ ಆಕೆ ಒಂದು ಗೇಣು ಬೆಳೆದಿರುತ್ತಿದ್ದಳು. ಮಾವನಿಗೆ ಮುತ್ಯಾ ಎನ್ನುತ್ತಿದ್ದಳು. ನನಗೆ ಹೆಸರಿಡಲು ಆಕೆಗೆ ಬಹಳ ದಿನ ಹಿಡಿಯಿತು. ಕೊನೆಗೆ "ಕಲಬುರ್ಗಿ ಅಪ್ಪ" ಎಂದು ಕರೆಯಲು ಶುರುಮಾಡಿದಳು. ಬೇರೆ ಅಪ್ಪ ಯಾರೂ ಇರಲಿಲ್ಲ. ಆದರೂ ಊರಿನ ಹೆಸರು ಮುಂದೆ ಇಲ್ಲದಿದ್ದರೆ ಆಕೆಗೆ ನನ್ನ ಗುರುತು ಹತ್ತುತ್ತಿರಲಿಲ್ಲ.

ಒಂದು ಚಳಿಗಾಲದಲ್ಲಿ ಕೈ ಕೂಡಿಬಂತು. ಮಾವನ ವಜೀರ ಮೊದಲು ಹೋಯಿತು, ಆಮೇಲೆ ಎರಡು ಆನೆ, ಕುದುರೆ, ಪ್ಯಾದೆಗಳೆಂಬ ಕಾಲಾಳುಗಳ ಸಾಲು. ಸಿಕ್ಕಿದ್ದನ್ನೆಲ್ಲ ತಿಂದೆ. ಕೊನೆಗೆ ಅವರ ಬಾದಶಹ ಒಬ್ಬನೇ ಬಟ್ಟೆಯ ನಡುವೆ ನಿಂತಿದ್ದ; ನನ್ನ ಕಡೆ ಅರ್ಧ ಫೌಜು ಹಾಗೆಯೇ ಇತ್ತು. ಮೀಸೆಯ ಮೇಲೆ ಕೈ ಹಾಕಿ, "ಈಗ ಕೂಸಿನ ಮಾತು ತೆಗೀಲೇನ್ರಿ ಮಾವಾರ?" ಎಂದೆ.

ಮಾವ ಬಟ್ಟೆಯನ್ನು ನಾಲ್ಕೂ ಮೂಲೆ ಹಿಡಿದು ಮಡಿಸಿದರು. "ಬುರ್ದ್ ಆಯ್ತಲ್ರಿ ಅಳಿಯಂದ್ರ."

"ಬುರ್ದ್ ಅಂದ್ರ?"

"ಎಲ್ಲಾ ತಿಂದು ಬಾದಶಹನ್ನ ಬರೀ ಮೈಯಾಗ ನಿಂದರಿಸಿದ್ರ ಆಟ ಅಲ್ಲಿಗೇ ನಿಂತು ಹೋಗ್ತದ. ನೀವೂ ಗೆದ್ದಿಲ್ಲ, ನಾನೂ ಸೋತಿಲ್ಲ. ಮಾತ್ ಮಾಡಬೇಕಂದ್ರ ಎದುರಿನಂವಗ ಒಂದರ ಬಿಡಬೇಕು. ಇದು ನಮ್ಮ ಕಡೆ ಕಾಯ್ದೆ." ಆಮೇಲೆ ಸ್ವಲ್ಪ ನಕ್ಕರು. ಮಗಳು ಸತ್ತ ಮೇಲೆ ಅವರು ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು. "ನಿಮಗ ಹೇಳೂದು ಬ್ಯಾಡಂತಿದ್ದೆ. ತಾನೇ ತಿಳೀತದ ಅಂತ."

ಕಲಬುರ್ಗಿಗೆ ಬಂದವನೇ ಬಂಡಿ ಇಳಿದು ಚಾಚಾನ ಮೇಲೆ ಹಾಯ್ದೆ. ಇಷ್ಟು ದೊಡ್ಡ ಕಾಯ್ದೆ ಯಾಕೆ ಹೇಳಲಿಲ್ಲ?

"ಒಂಟಿ ಬಾದಶಹನ ಪಾಠ ಬರೀ ಕೈ ಪಳಗಸಲಾಕ. ನೀ ಅಲ್ಲೀ ತನಕ ಬರ್ತಿ ಅಂತ ನನಗೇನ್ ಗೊತ್ತಿತ್ತು?" ಎಂದ. ನಂತರ ಬಟ್ಟೆ ಬಿಚ್ಚಿ ಹೊಸ ಪಾಠ ಶುರುಮಾಡಿದ. ಎದುರಾಳಿಗೆ ಒಂದು ಪ್ಯಾದೆ ಬಿಡುವುದು, ಅದನ್ನು ಮುಂದೆ ಹೋಗದಂತೆ ತಡೆದು ನಿಲ್ಲಿಸುವುದು, ಅದು ಬದುಕಿರುವಾಗಲೇ ಬಾದಶಹನನ್ನು ಹಿಡಿಯುವುದು. ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಇದೇ. ಕೈಗೆ ಸಿಗುವ ಮಾಲನ್ನು ಬಿಟ್ಟು ನಡೆಯುವುದು ನನ್ನ ಮೈಗೆ ಬಂದಿರಲಿಲ್ಲ. ಪ್ಯಾದೆಯನ್ನು ಕಂಡರೆ ಕೈ ತೊಡೆಯ ಕೆಳಗಿಂದ ತಾನೇ ಹೊರಗೆ ಬರುತ್ತಿತ್ತು. ಚಾಚಾ ಹುಕ್ಕಾದ ನಳಿಗೆಯಿಂದ ಗೆಣ್ಣಿಗೆ ಬಡಿಯುತ್ತಿದ್ದ. "ಬಿಡು. ಇರಲಿ ಅದು. ಅದು ಇದ್ರೇ ನೀ ಗೆಲ್ತಿ."

ಇನ್ನೊಂದು ಸುತ್ತಿನ ಬಾಳೆ ಬಲಿಯುವ ಹೊತ್ತಿಗೆ ಆ ಚಟವನ್ನೂ ಬಿಟ್ಟೆ. ಕಮಲಾಪುರಕ್ಕೆ ಹೋದೆ. ಮಾವ ಅವತ್ತು ತೋಟದಲ್ಲಿ ಕೂಡಲಿಲ್ಲ. ಮೋಡವಿತ್ತು, ಮನೆಯ ಪಡಸಾಲೆಯಲ್ಲೇ ಬಟ್ಟೆ ಹಾಸಿದರು. ಹಿಂದಿನ ಸಲದ ಆಟದಲ್ಲಿ ನನ್ನ ಕೈ ಹೇಗೆ ತಡೆದು ನಿಂತಿತ್ತು ಎಂಬುದನ್ನು ಅವರು ನೋಡಿದ್ದರು. ಆ ಆಟದಲ್ಲಿ ಒಂದೇ ಒಂದು ತಪ್ಪಿಗೆ ಸೋತಿದ್ದೆ; ಇನ್ನೊಮ್ಮೆ ಆ ತಪ್ಪು ಮಾಡುವವನಲ್ಲ ಎಂದು ಅವರಿಗೂ ಗೊತ್ತಿತ್ತು.

ಆಟ ಮಧ್ಯಾಹ್ನದ ತನಕ ನಡೆಯಿತು. ಮಾವ ಚೆನ್ನಾಗಿಯೇ ಆಡಿದರು, ಬಿಟ್ಟುಕೊಡಲಿಲ್ಲ. ಒಂದೊಂದು ಕಾಯಿ ಹೋದಾಗಲೂ ಅದನ್ನು ತಾವೇ ಎತ್ತಿ, ಧೂಳು ಒರೆಸಿ, ನನ್ನ ಕೈಗೆ ಕೊಟ್ಟರು. ಮಗಳು ಅವರ ತೊಡೆಗೆ ಒರಗಿ ಕುಳಿತಿದ್ದಳು. ಆಕೆಗೆ ಆಟ ತಿಳಿಯುತ್ತದೆ ಎಂಬುದು ನನಗೆ ಆವತ್ತೇ ಗೊತ್ತಾದದ್ದು. ಮಾವನ ಕೈ ಒಂಟೆಯ ಮೇಲೆ ಹೋದಾಗ, "ಬ್ಯಾಡ ಮುತ್ಯಾ, ಕುದ್ರಿ ಅದ ಅಲ್ಲಿ" ಎಂದಳು. ಸರಿಯಾಗಿಯೇ ಹೇಳಿದ್ದಳು.

ಕೊನೆಗೆ ಅವರ ಬಾದಶಹ ಅಂಚಿನ ಸಾಲಿಗೆ ಹೋಗಿ ನಿಂತ. ಜೊತೆಗೆ ಉಳಿದದ್ದು ಒಂದೇ ಪ್ಯಾದೆ, ಅದರ ಮುಂದೆ ನನ್ನ ಕುದುರೆ ಅಡ್ಡ ನಿಂತಿತ್ತು. ನನ್ನ ಬಾದಶಹ ಅವರ ಬಾದಶಹನ ಎದುರಿಗೇ ದಾರಿ ಕಟ್ಟಿ ನಿಂತಿದ್ದ. ನನ್ನ ಆನೆ ಎಲ್ಲಿತ್ತೆಂದರೆ, ಕೆಳಗೆ ಅಂಚಿಗೆ ಇಳಿದರೆ ಮಾತ್, ಪಕ್ಕಕ್ಕೆ ಸರಿದರೆ ಆ ಪ್ಯಾದೆ.

ಮಗಳು ಬಟ್ಟೆಯನ್ನು ನೋಡಿದಳು, ಮುತ್ಯಾನ ಮುಖ ನೋಡಿದಳು.

"ಮುತ್ಯಾ, ಕಲಬುರ್ಗಿ ಅಪ್ಪ ಗೆದ್ರ ನಾ ಇವತ್ತೇ ಹೋಗಬೇಕೇನು?"

"ಸುಮ್ಮ ಕೂಡವ್ವ. ಆಟ ನೋಡು."

ಆಗ ನನ್ನ ಕಣ್ಣು ಬಾಗಿಲ ಹತ್ತಿರ ಹೋಯಿತು. ಅಲ್ಲಿ ಒಂದು ಬಟ್ಟೆಗಂಟು ಇತ್ತು, ಕಟ್ಟಿ ಇಟ್ಟದ್ದು. ಮೇಲೆ ಮಗಳು ಉಡುವ ಪರಕಾರ, ಒಗೆದು ಮಡಿಸಿದ್ದು. ಕಟ್ಟಲು ಬಳಸಿದ ಬಟ್ಟೆ ನನ್ನ ಹೆಂಡತಿಯ ಹಳೇ ಇಳಕಲ್ ಸೀರೆಯ ಸೆರಗು. ಪಕ್ಕದಲ್ಲಿ ರೊಟ್ಟಿಯ ಬುತ್ತಿ. ನಾನು ಬರುವ ಮೊದಲೇ ಕಟ್ಟಿದ್ದು ಅದು. ಮಾವ ಸೋಲುತ್ತೇನೆಂದು ತಿಳಿದೇ ಕುಳಿತಿದ್ದರು, ಕೊಟ್ಟ ಮಾತಿಗೆ ತಯಾರಿ ಮಾಡಿಕೊಂಡೇ ಕುಳಿತಿದ್ದರು. ಅಡುಗೆಮನೆಯಲ್ಲಿ ಅತ್ತೆಯ ಸದ್ದೇ ಇರಲಿಲ್ಲ. ಬೀಸುವುದಿಲ್ಲ, ಕುಟ್ಟುವುದಿಲ್ಲ, ಪಾತ್ರೆಯೂ ಇಲ್ಲ.

ನಾನು ವ್ಯಾಪಾರಿ. ಎದುರಿನವನ ಕೈಯಲ್ಲಿ ಏನು ಉಳಿದಿದೆ ಎಂದು ನೋಡುವುದೇ ನನ್ನ ಕಸುಬು. ಅವರ ಕೈಯಲ್ಲಿ ಏನು ಉಳಿದಿತ್ತೆಂದು ಅವತ್ತು ನೋಡಿದೆ. ನನ್ನ ಕೈಯಲ್ಲಿ ಏನಿತ್ತೆಂದೂ ನೋಡಿಕೊಂಡೆ: ಮಾಳಿಗೆಯ ಮನೆ, ತೊಲೆಗೆ ಒಂದು ಖಾಲಿ ಕೊಂಡಿ, ನನ್ನನ್ನು ಊರಿನ ಹೆಸರಿನಿಂದ ಗುರುತಿಸುವ ಒಂದು ಮಗು.

ಕೈಯನ್ನು ತೊಡೆಯ ಕೆಳಗಿಂದ ತೆಗೆದೆ. ಆನೆಯನ್ನು ಪಕ್ಕಕ್ಕೆ ಸರಿಸಿ ಪ್ಯಾದೆಯನ್ನು ತಿಂದೆ.

ಮಾವ ಒಂಟಿಯಾಗಿ ಉಳಿದ ಬಾದಶಹನನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡರು. "ಬುರ್ದ್ ಆಯ್ತು," ಎಂದರು. ಆಮೇಲೆ ಮೆಲ್ಲಗೆ, "ಹಿಂಗ್ಯಾಕ ಮಾಡಿದ್ರಿ ಅಳಿಯಂದ್ರ?"

"ಹಳೀ ಚಟ ಮಾವಾರ. ಕಂಡಿದ್ದು ಬಿಡಂಗಿಲ್ಲ ಕೈ."

ಅವರು ನಂಬಲಿಲ್ಲ. ಆದರೆ ನಂಬಿದ ಹಾಗೆ ತಲೆ ಆಡಿಸಿದರು. ಅಷ್ಟು ಉಪಕಾರ ಮಾಡಿದರು. ಮಗಳು ಓಡಿ ಹೋಗಿ ಗಂಟು ಬಿಚ್ಚಿ ಪರಕಾರ ತೆಗೆದುಕೊಂಡಳು. ಬುತ್ತಿಯನ್ನು ಅತ್ತೆ ನನ್ನ ಬಂಡಿಯಲ್ಲಿ ಇಟ್ಟರು. ಮಹಾಗಾಂವದ ಹತ್ತಿರ ಬಿಚ್ಚಿದಾಗ ಅದರಲ್ಲಿ ಇಬ್ಬರಿಗಾಗುವಷ್ಟು ರೊಟ್ಟಿ, ಸಣ್ಣ ಬಾಯಿಗೆಂದು ಬೇರೆ ಕಟ್ಟಿದ ಒಂದಿಷ್ಟು ಬೆಲ್ಲ ತುಪ್ಪದ ಮಾಲದಿ ಇತ್ತು. ಮಾಲದಿಯನ್ನು ಎತ್ತುಗಳಿಗೆ ಹಾಕಿದೆ.

ಚಾಚಾನಿಗೆ ನಡೆದದ್ದನ್ನು ಹೇಳಿದೆ. ಬೈಯುತ್ತಾನೆಂದುಕೊಂಡಿದ್ದೆ. ಹುಕ್ಕಾ ಸೇದುತ್ತ ಕುಳಿತ. "ಉಡದಾರ ವಾಪಸ್ ಕೇಳಬ್ಯಾಡ ಮತ್ತ. ಕರಗಿಸಿಬಿಟ್ಟೀನಿ," ಎಂದ. ಎಲ್ಲ ಕಾಯಿ ಜೋಡಿಸಿ ಒಂದು ಆಟ ಆಡಿದ, ನನ್ನನ್ನು ಸೋಲಿಸಿದ. ಕೆಲವು ವರ್ಷಗಳ ಮೇಲೆ ಅವನೂ ಹೋದ. ಅಂಗಡಿಯಲ್ಲಿ ಈಗ ಅತ್ತರು ಮಾರುತ್ತಾರೆ.

ಮಾವನ ಜೊತೆ ಮತ್ತೆ ಎಷ್ಟೋ ಆಟ ಆಡಿದೆ. ಒಮ್ಮೆಯೂ ಮಾತ್ ಮಾಡಲಿಲ್ಲ. ಅವರೂ ನನ್ನನ್ನು ಮಾತ್ ಮಾಡಲಿಲ್ಲ. ಮಗಳ ಮದುವೆ ಕಮಲಾಪುರದಲ್ಲೇ ಆಯಿತು. ಹಂದರದಲ್ಲಿ ನನಗೆ ಬೀಗರ ಜೊತೆ ಮಣೆ ಹಾಕಿದ್ದರು, ಮರ್ಯಾದೆಗೆ ಏನೂ ಕಡಿಮೆ ಇರಲಿಲ್ಲ. ಈಗ ಪಂಚಮಿಗೆ ಆಕೆ ತವರಿಗೆ ಬರುತ್ತಾಳೆ. ಆಕೆಯ ತವರು ಕಮಲಾಪುರ. ನಾನು ಬಂಡಿ ಕಟ್ಟಿಕೊಂಡು ಅಲ್ಲಿಗೇ ಹೋಗಿ, ಅತಿಥಿಯ ತಂಬಿಗೆಯಲ್ಲಿ ನೀರು ತೆಗೆದುಕೊಂಡು, ನೋಡಿ ಬರುತ್ತೇನೆ. ಕೊಂಡಿ ತೊಲೆಯಲ್ಲಿ ಹಾಗೆಯೇ ಇದೆ. ಬಲಿತ ಗೊನೆ ತೂಗಹಾಕಲು ಬಳಕೆಯಾಗುತ್ತದೆ.

ಈಗ ಆಟ ಕಲಿಯಬೇಕೆನ್ನುವವರಿಗೆ ಒಂದೆರಡು ಮಾತು, ಬೆಲೆ ಕೊಟ್ಟು ಕೊಂಡದ್ದನ್ನು ಪುಕ್ಕಟೆ ಕೊಡುತ್ತಿದ್ದೇನೆ. ನಿಮಗಿಂತ ಬಲವಾಗಿ ಆಡುವವನನ್ನು ಹುಡುಕಿ, ಸೋತು ಮರಳುವ ದಾರಿಯಲ್ಲಿ ಆಟವನ್ನು ಮೊದಲಿನಿಂದ ನೆನೆಸಿಕೊಳ್ಳಿ. ಕೆಟ್ಟ ಜಾಗ ಸಿಗುವ ತನಕ ಬೇರೆ ಯೋಚನೆ ಬೇಡ. ಕೊನೆಯ ನಾಲ್ಕು ಕಾಯಿಯ ಆಟವನ್ನು ಮೊದಲು ಕಲಿಯಿರಿ. ಕೈ ತೊಡೆಯ ಕೆಳಗಿರಲಿ. ತಿಂದ ಕಾಯಿಗಳನ್ನು ಕಣ್ಣಿಗೆ ಕಾಣುವಲ್ಲಿ ಇಟ್ಟುಕೊಳ್ಳಬೇಡಿ, ಬೆನ್ನ ಹಿಂದೆ ಇಡಿ. ಕೂಡುವ ಮೊದಲೇ ಬುರ್ದಿನ ಕಾಯ್ದೆ ಏನೆಂದು ಕೇಳಿಕೊಳ್ಳಿ, ಅದು ಊರಿಂದ ಊರಿಗೆ ಬೇರೆ. ಮನೆಯಲ್ಲಿ ಮಕ್ಕಳಿದ್ದರೆ ಅವರಿಗೆ ಕಾಯಿ ನಡೆಸಲು ನೀವೇ ಕಲಿಸಿ, ಕೈಗೆ ಹಿಡಿಯಲು ಬಂದ ಕೂಡಲೇ ಕಲಿಸಿ. ವ್ಯಾಪಾರ ಒಂದಿಷ್ಟು ನಿಲ್ಲಲಿ, ಅದು ಕಾಯುತ್ತದೆ.